ಕಾಂಗ್ರೆಸ್ ಗಿಡಕ್ಕೆ ಒಂದು ಮದ್ದು, ಜೇಕಿಗೆ ಇನ್ನೊಂದು

ಮಳೆ ಬಿದ್ದು ವಾರವಾದರೂ ನೀವು ಹಾಕಿದ ಬೆಂಡೆ ಬೀಜ ಮೇಲೆ ಬರೋದೋ ಬೇಡವೋ ಅಂತ ಇನ್ನೂ ಯೋಚನೆ ಮಾಡುತ್ತಿರುತ್ತದೆ. ಅಷ್ಟರಲ್ಲಿ ಕಾಂಗ್ರೆಸ್ ಗಿಡ ಮತ್ತು ಜೇಕು ಅನ್ನೋ ಕಳೆಹುಲ್ಲು ನಿಮ್ಮ ಹಿತ್ತಲಲ್ಲಿ ಗೃಹಪ್ರವೇಶ ಮುಗಿಸಿರುತ್ತವೆ. ಎರಡನ್ನೂ ಒಂದೇ ಥರ ಕಿತ್ತರೆ ಒಂದು ಹೋಗುತ್ತದೆ, ಇನ್ನೊಂದು ಸಂಸಾರ ದೊಡ್ಡದು ಮಾಡಿಕೊಳ್ಳುತ್ತದೆ.

ಮೊದಲು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. (ಪಕ್ಷದವರು ಬೇಜಾರು ಮಾಡ್ಕೋಬೇಡಿ, ಹೆಸರು ನಾನಿಟ್ಟಿದ್ದಲ್ಲ.) ಅಮೆರಿಕ ಖಂಡದ ಈ ಗಿಡ ನಮ್ಮಲ್ಲಿ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು, ಆಮದು ಗೋಧಿಯ ಜೊತೆ ಬಂತು ಅಂತಾರೆ. ಎಳೆಯದಿದ್ದಾಗ ಎಲೆ ಥೇಟ್ ಸೇವಂತಿಗೆ. ಪಾಪ ಅಂತ ನೀರು ಹಾಕಬೇಡಿ. ಮೊಳೆತ ಒಂದು ತಿಂಗಳಿಗೇ ಬಿಳಿ ಹೂ, ಒಂದೊಂದು ಗಿಡಕ್ಕೂ ಸಾವಿರಾರು ಬೀಜ! ಹಾಗಾಗಿ ಹೂವಿಗೆ ಮುಂಚೆಯೇ, ಮಳೆ ನಿಂತ ಮರುದಿನ ಮಣ್ಣು ಮೆತ್ತಗಿರುವಾಗ, ಬುಡ ಹಿಡಿದು ಬೇರು ಸಮೇತ ಕೀಳಿ. ಗ್ಲೌಸು, ತುಂಬುತೋಳಿನ ಅಂಗಿ, ಮೂಗಿಗೊಂದು ಬಟ್ಟೆ ಇರಲಿ. ಬರಿಗೈಯಲ್ಲಿ ಶೌರ್ಯ ತೋರಿಸಿದರೆ ಮೈಯೆಲ್ಲ ತುರಿಕೆ, ಚರ್ಮದ ಡಾಕ್ಟರಿಗೆ ಲಾಭ.

ಹೂ ಬಾರದ್ದನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಂದಿದ್ದನ್ನು ಹಾಕಿದರೆ ಮುಂದಿನ ವರ್ಷ ಗೊಬ್ಬರದ ಜೊತೆ ಬೀಜವನ್ನೂ ನೀವೇ ಹರಡಿದಂತೆ. ಉಪ್ಪುನೀರು ಹೊಡೆಯಿರಿ ಅಂತ ಸಲಹೆ ಕೊಡುವವರು ಬೇಕಾದಷ್ಟು ಜನ. ಗಿಡ ಸುಡುತ್ತದೆ ನಿಜ, ಆದರೆ ಆ ಉಪ್ಪು ಮಣ್ಣಲ್ಲೇ ಉಳಿಯುತ್ತೆ, ಆಮೇಲೆ ಟೊಮೆಟೊ ಎಲ್ಲಿ ಹಾಕ್ತೀರಿ? ಎಲೆ ಮೇಲೆ ಕೆನೆ ಬಣ್ಣದ, ಕಪ್ಪು ಗೆರೆಯ ಪುಟ್ಟ ಜೀರುಂಡೆ ಕಂಡರೆ ಮಾತ್ರ ಸುಮ್ನೆ ಬಿಡಿ. ಅದು 1984ರಲ್ಲಿ ಬೆಂಗಳೂರಿನಲ್ಲಿ ಈ ಗಿಡ ತಿನ್ನಲೆಂದೇ ಬಿಟ್ಟ ಮೆಕ್ಸಿಕೋ ಜೀರುಂಡೆಯ ಸಂತಾನ. ಸಂಬಳ ಕೇಳದ ಆಳು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ?

ಜೇಕಿನದು ಬೇರೆ ಕಥೆ. ದಂಟನ್ನು ಬೆರಳಲ್ಲಿ ಹೊರಳಿಸಿ, ಮೂರು ಅಂಚು ಸಿಗುತ್ತದೆ. ಎಳೆದರೆ ಟಕ್ ಅಂತ ಕೈಗೆ ಬರುತ್ತದೆ, ನಿಮಗೂ ಖುಷಿ. ಗೆಡ್ಡೆ ಮಾತ್ರ ಕೆಳಗೆ ಆರಾಮಾಗಿರುತ್ತದೆ, ಅದೂ ಒಂದಲ್ಲ, ದಾರದಂಥ ಬೇರಿನಲ್ಲಿ ಒಂದಕ್ಕೊಂದು ಪೋಣಿಸಿದ ಸಾಲು. ಟಿಲ್ಲರ್ ಹೊಡೆಸಿದರೆ ಆ ಸಾಲು ತುಂಡಾಗಿ ಹಿತ್ತಲ ತುಂಬ ಹಂಚಿಹೋಗುತ್ತದೆ. ಕರಿ ಪ್ಲಾಸ್ಟಿಕ್ ಹೊದಿಸಿದರೆ ಸೂಜಿಯಂಥ ಮೊಳಕೆ ಅದನ್ನೂ ತೂತು ಮಾಡಿ ತಲೆ ಎತ್ತುತ್ತದೆ. ಬೇಸಿಗೆಯಲ್ಲಿ ಒಂದು ಗೇಣು ಆಳಕ್ಕೆ ಗುದ್ದಲಿಯಿಂದ ಅಗೆದು, ಸಿಕ್ಕಷ್ಟು ಗೆಡ್ಡೆ ಆರಿಸಿ, ಉಳಿದ ಮಣ್ಣನ್ನು ಆಗಾಗ ತಿರುವಿ ಹಾಕುತ್ತ ಏಪ್ರಿಲ್ ಬಿಸಿಲಿಗೆ ಒಣಗಲು ಬಿಡಿ. ಸೊಂಟ ಹಿಡಿದುಕೊಳ್ಳುತ್ತದೆ, ಬೇರೆ ದಾರಿ ಇಲ್ಲ. ಜೇಕಿಗೆ ನೆರಳು ಆಗಿಬರಲ್ಲ, ಹಾಗಾಗಿ ಮಳೆ ಶುರುವಾದ ಮೇಲೆ ಅಲ್ಲಿ ಅಲಸಂದೆಯನ್ನೋ ಸಿಹಿಗೆಣಸನ್ನೋ ಒತ್ತೊತ್ತಾಗಿ ಹಾಕಿ.

ಹಾಂ, ಹೊಸ ಕೆಂಪುಮಣ್ಣು ತರಿಸುವಾಗ ಇಳಿಸುವ ಮುಂಚೆಯೇ ನಾಲ್ಕು ಕಡೆ ಕೆದಕಿ ನೋಡಿ. ಕಡಲೆಬೀಜದಷ್ಟು ದಪ್ಪದ ಕಪ್ಪು ಗೆಡ್ಡೆ ಕಂಡರೆ ಬಾಡಿಗೆ ಹೋದರೂ ಪರವಾಗಿಲ್ಲ, ಟ್ರ್ಯಾಕ್ಟರ್ ವಾಪಸ್ ಕಳಿಸಿ.