ಶೇಂದಿಯ ಯೀಸ್ಟ್ ಬಣ್ಣ ಹೊರಗೆ ಹಾಕಿದ ದಿನ

ಮೊದಲ ಸಲ ಈ ಪ್ರಯೋಗ ಮಾಡಿದಾಗ ನನ್ನ ಮುಂದೆ ಎರಡು ಟ್ಯೂಬ್ ಇದ್ದವು. ಎರಡಕ್ಕೂ ಒಂದೇ ಅಳತೆಯ ಯೀಸ್ಟ್, ಒಂದೇ ಅಳತೆಯ ರೋಡಮಿನ್ 6ಜಿ ಎಂಬ ಗುಲಾಬಿ ಬಣ್ಣ ಹಾಕಿದ್ದೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತೆಗೆದಾಗ ಒಂದರ ತಳದಲ್ಲಿ ಕೂತ ಯೀಸ್ಟ್ ಕಡು ಗುಲಾಬಿ. ಇನ್ನೊಂದರದ್ದು ಹೆಚ್ಚುಕಡಿಮೆ ಬಿಳಿ. ಬಿಳಿ ಇದ್ದದ್ದು ಮಾಮೂಲಿ ಯೀಸ್ಟ್. ಗುಲಾಬಿ ಆದದ್ದು ಪಿಡಿಆರ್ 5 ಎಂಬ ಜೀನ್ ತೆಗೆದುಹಾಕಿದ ಯೀಸ್ಟ್. ಮಾಮೂಲಿ ಯೀಸ್ಟಿನ ಒಳಗೆ ಬಣ್ಣ ಹೋಗಲೇ ಇಲ್ಲ ಅಂದುಕೊಂಡೆ. ನೋಟ್‌ಬುಕ್‌ನಲ್ಲಿ ಹಾಗೇ ಬರೆದೆ.

ನನ್ನ ಗೈಡ್ ಮೇಡಂ ಅದನ್ನು ಓದಿ, "ಹೋಗಲಿಲ್ಲ ಅಂತ ನಿನಗೆ ಹೇಗೆ ಗೊತ್ತು? ಹೋಗಿ ವಾಪಸ್ ಬಂದಿರಬಹುದಲ್ಲ ಮಾರಾಯ್ತಿ" ಎಂದರು.

ಮುಂದಿನ ಎರಡು ತಿಂಗಳು ಆ ಮಾತಿನ ಹಿಂದೆಯೇ ಹೋಯಿತು.

ನಾನು ಮಂಗಳೂರಿನಲ್ಲಿ ಓದುತ್ತಿರುವ ಸಂಶೋಧನಾ ವಿದ್ಯಾರ್ಥಿನಿ. ಮನೆ ಕಿನ್ನಿಗೋಳಿ ಕಡೆ. ಯೀಸ್ಟ್ ತನ್ನೊಳಗೆ ಬಂದ ಮದ್ದನ್ನು ಹೇಗೆ ಹೊರಗೆ ಹಾಕುತ್ತದೆ ಅನ್ನುವುದು ನನ್ನ ವಿಷಯ. ಬಾಯಿಯಲ್ಲಿ ಬಿಳಿ ಪದರ ಬರುತ್ತದಲ್ಲ, ಅದು ಬಹಳ ಸಲ ಕ್ಯಾಂಡಿಡಾ ಎಂಬ ಯೀಸ್ಟಿನ ಕೆಲಸ. ಅದಕ್ಕೆ ಕೊಡುವ ಮದ್ದುಗಳಲ್ಲಿ ಫ್ಲುಕೊನಜೋಲ್ ಒಂದು. ನಮ್ಮ ಜೀವಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಇರುವ ಹಾಗೆ ಯೀಸ್ಟಿನ ಪೊರೆಯಲ್ಲಿ ಎರ್ಗೊಸ್ಟೆರಾಲ್ ಇದೆ. ಅದನ್ನು ತಯಾರಿಸಲು ಬೇಕಾದ ಒಂದು ಎಂಜೈಮ್‌ಗೆ ಫ್ಲುಕೊನಜೋಲ್ ಅಡ್ಡ ನಿಲ್ಲುತ್ತದೆ. ಆದರೆ ಮದ್ದು ಕೆಲಸ ಮಾಡಬೇಕಾದರೆ ಒಳಗೆ ಸಾಕಷ್ಟು ಉಳಿಯಬೇಕು. ಪೊರೆಯಲ್ಲಿ ಕೂತ, ಪಂಪ್ ಎಂದು ಕರೆಯುವ ಕೆಲವು ಪ್ರೋಟೀನ್‌ಗಳು ಅದನ್ನು ಉಳಿಯಲು ಬಿಡುವುದಿಲ್ಲ. ದೋಣಿಗೆ ನೀರು ಬರುತ್ತಿದ್ದರೂ ಒಬ್ಬ ಕೂತು ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದರೆ ದೋಣಿ ಮುಳುಗುವುದಿಲ್ಲ. ಹಾಗೆ.

ಸ್ಯಾಕರೊಮೈಸಿಸ್ ಸೆರೆವಿಸಿಯೆ, ಅಂದರೆ ಬ್ರೆಡ್ ಮಾಡುವ ಯೀಸ್ಟಿನಲ್ಲಿ, ಈ ಕೆಲಸದಲ್ಲಿ ಮುಂದೆ ಇರುವುದು ಪಿಡಿಆರ್ 5. ಅದೇ ಹೆಸರಿನ ಜೀನಿನಿಂದ ಬರುವ, 1511 ಅಮೈನೊ ಆಮ್ಲಗಳ ದೊಡ್ಡ ಪ್ರೋಟೀನ್. ಎಟಿಪಿ ಎಂಬ, ಜೀವಕೋಶದ ಶಕ್ತಿ ಹೊತ್ತ ಅಣುವನ್ನು ಒಡೆದು ಸಿಗುವ ಶಕ್ತಿಯಿಂದ ಓಡುತ್ತದೆ. ಕ್ಯಾಂಡಿಡಾ ಆಲ್ಬಿಕಾನ್ಸ್‌ನಲ್ಲಿ ಇದೇ ಜಾತಿಯ ಪಂಪಿನ ಹೆಸರು ಸಿಡಿಆರ್ 1. ಅದರ ಜೀನನ್ನು 1995ರಲ್ಲಿ ಪ್ರಕಟಿಸಿದವರು ದೆಹಲಿಯ ಜೆಎನ್‌ಯುನ ರಾಜೇಂದ್ರ ಪ್ರಸಾದ್ ಮತ್ತು ಅವರ ಬೆಲ್ಜಿಯಂನ ಜೊತೆಗಾರರು. ನಾನು ಈ ವಿಷಯ ಆರಿಸಿಕೊಳ್ಳಲು ಅದೂ ಒಂದು ಕಾರಣ.

ಫ್ಲುಕೊನಜೋಲ್‌ಗೆ ಬಣ್ಣ ಇಲ್ಲ. ಹೊರಗೆ ಬಂದರೂ ಕಣ್ಣಿಗೆ ಕಾಣುವುದಿಲ್ಲ. ರೋಡಮಿನ್ 6ಜಿಯನ್ನೂ ಇದೇ ಪಂಪ್ ಹೊರಗೆ ತಳ್ಳುವುದರಿಂದ ಅದನ್ನು ಮದ್ದಿನ ಬದಲಿಗೆ ಇಟ್ಟು ನೋಡುತ್ತಾರೆ. ಇದು ಅಪಾಯದ ಬಣ್ಣ. ಗ್ಲೌಸ್ ಇಲ್ಲದೆ ಮುಟ್ಟಬಾರದು, ಉಳಿದದ್ದನ್ನು ಸಿಂಕಿಗೆ ಸುರಿಯಬಾರದು.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾನು ಯೀಸ್ಟನ್ನು ಉಪವಾಸ ಹಾಕಿರಲಿಲ್ಲ. ಹೊಟ್ಟೆ ತುಂಬಿದ ಯೀಸ್ಟಿಗೆ ಬಣ್ಣ ಕೊಟ್ಟರೆ ಅದು ಒಂದು ಕಡೆಯಿಂದ ಒಳಗೆ ಬರುತ್ತಿರುವಾಗಲೇ ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ. ಕೊನೆಗೆ ಬಿಳಿ ಯೀಸ್ಟ್ ನೋಡಿ ನಾವು ಒಳಗೆ ಹೋಗಲೇ ಇಲ್ಲ ಅನ್ನುತ್ತೇವೆ. ಮೊದಲು ಶಕ್ತಿ ಖಾಲಿ ಮಾಡಬೇಕು. ಆಮೇಲೆ ಬಣ್ಣ ತುಂಬಿಸಬೇಕು. ಆಮೇಲೆ ಸಕ್ಕರೆ ಕೊಟ್ಟು, ಹೊರಗೆ ಬರುವುದನ್ನು ಕಾಯಬೇಕು.

ಎರಡನೇ ಸಲ ಉಪವಾಸ ಹಾಕಿದೆ. ಆದರೂ ಸರಿ ಬರಲಿಲ್ಲ. ಬೆಳೆಸಿದ ಮೀಡಿಯಂನಲ್ಲಿ ಶೇಕಡಾ 2ರಷ್ಟು ಗ್ಲೂಕೋಸ್ ಇರುತ್ತದೆ. ನಾನು ಒಂದೇ ಸಲ ತೊಳೆದಿದ್ದೆ. ಅಂಟಿಕೊಂಡು ಉಳಿದ ಸಕ್ಕರೆಯೇ ಪಂಪ್ ಓಡಲು ಸಾಕಾಯಿತು ಅಂತ ಕಾಣುತ್ತದೆ. ಆಮೇಲಿಂದ ಮೂರು ಸಲ ತೊಳೆಯುತ್ತೇನೆ, ಪ್ರತಿ ಸಲವೂ ತಿಳಿಯನ್ನು ಪೂರ್ತಿ ತೆಗೆದು. ಎರಡು ಗಂಟೆ ಸಕ್ಕರೆ ಇಲ್ಲದ ಬಫರ್‌ನಲ್ಲಿ 30 ಡಿಗ್ರಿಯಲ್ಲಿ ಅಲ್ಲಾಡಿಸುತ್ತೇನೆ. ಅದಕ್ಕೆ 2-ಡಿಆಕ್ಸಿಗ್ಲೂಕೋಸ್ ಸೇರಿಸುತ್ತೇನೆ. ಅದು ನೋಡಲು ಗ್ಲೂಕೋಸ್ ಹಾಗೇ ಇರುವುದರಿಂದ ಯೀಸ್ಟ್ ಒಳಗೆ ತೆಗೆದುಕೊಳ್ಳುತ್ತದೆ, ಆದರೆ ಅದರಿಂದ ಶಕ್ತಿ ಸಿಗುವುದಿಲ್ಲ. ಇದ್ದ ಎಟಿಪಿಯೂ ಖರ್ಚಾಗುತ್ತದೆ. ಹೀಗೆ ಸುಸ್ತಾದ ಯೀಸ್ಟಿಗೆ 10 ಮೈಕ್ರೊಮೋಲಾರ್ ಬಣ್ಣ ಕೊಟ್ಟಾಗ ಮಾಮೂಲಿ ಯೀಸ್ಟ್ ಕೂಡ ಕಡು ಗುಲಾಬಿ ಆಯಿತು. ಎರಡೂ ಟ್ಯೂಬ್ ಒಂದೇ ಥರ. ಮೇಡಂಗೆ ತೋರಿಸಲು ಓಡಿದೆ.

ಆಮೇಲೆ ಬಣ್ಣ ತೊಳೆದು, ಗ್ಲೂಕೋಸ್ ಹಾಕಿದೆ. ಐದು, ಹತ್ತು, ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಸ್ವಲ್ಪ ತೆಗೆದು ತಿರುಗಿಸಿ, ಮೇಲಿನ ತಿಳಿ ಬೆಳಕನ್ನು ಎಷ್ಟು ಹೀರುತ್ತದೆ ಅಂತ 527 ನ್ಯಾನೊಮೀಟರ್‌ನಲ್ಲಿ ಅಳೆದೆ. ಮಾಮೂಲಿ ಯೀಸ್ಟಿನ ತಿಳಿ ಪ್ರತಿ ಸಲ ಹಿಂದಿನದಕ್ಕಿಂತ ಜಾಸ್ತಿ ಗುಲಾಬಿ. ಜೀನ್ ತೆಗೆದ ಯೀಸ್ಟಿನ ತಿಳಿ ಅಲ್ಲೇ ಇತ್ತು, ಬಣ್ಣವೆಲ್ಲ ತಳದಲ್ಲೇ. ಗ್ಲೂಕೋಸ್ ಹಾಕದ ಟ್ಯೂಬಿನಲ್ಲಿ ಮಾಮೂಲಿ ಯೀಸ್ಟ್ ಕೂಡ ಬಣ್ಣ ಬಿಡಲಿಲ್ಲ. ಪಂಪ್ ಎಂಬ ಮಾತನ್ನು ಎಷ್ಟೋ ಸಲ ಓದಿದ್ದೆ. ಸಕ್ಕರೆ ಸಿಕ್ಕಿದ ಮೇಲೆ ಅದು ಓಡಲು ಶುರುವಾದದ್ದನ್ನು ಕಣ್ಣಾರೆ ಕಂಡದ್ದು ಅವತ್ತೇ.

ಇನ್ನೆರಡು ಮಾತು ಹೇಳಲೇಬೇಕು. ಈ ಬಣ್ಣ ಟ್ಯೂಬಿನ ಗೋಡೆಗೂ ಅಂಟುತ್ತದೆ. ಯೀಸ್ಟ್ ಇಲ್ಲದ ಒಂದು ಟ್ಯೂಬನ್ನು ಯಾವಾಗಲೂ ಜೊತೆಗೆ ಇಟ್ಟುಕೊಳ್ಳಿ. ಇನ್ನು, ಸತ್ತ ಜೀವಕೋಶಗಳೂ ಗುಲಾಬಿ ಆಗಿ ಹಾಗೇ ಉಳಿಯುತ್ತವೆ. ಉಪವಾಸ ಜಾಸ್ತಿ ಆಗಿ ಯೀಸ್ಟ್ ಸತ್ತಿದ್ದರೆ ಪಂಪ್ ಇಲ್ಲ ಅಂತ ತಪ್ಪು ತಿಳಿಯುತ್ತೇವೆ. ಪ್ರಯೋಗದ ಕೊನೆಯಲ್ಲಿ ಸ್ವಲ್ಪವನ್ನು ಯೀಸ್ಟ್ ಬೆಳೆಸುವ ಆಹಾರ ಇರುವ ಪ್ಲೇಟ್‌ಗೆ ಹಾಕಿ, ಮಾರನೇ ದಿನವೂ ಅದರ ಮುಂದಿನ ದಿನವೂ ಬೆಳೆದಿದೆಯಾ ನೋಡುತ್ತೇನೆ. ಮಳೆಗಾಲದಲ್ಲಿ ಇದೂ ಸುಲಭ ಅಲ್ಲ. ಜೂನ್ ಬಂತೆಂದರೆ ಕಪಾಟಿನ ಬಟ್ಟೆಗೆ ಬೂಷ್ಟು ಹಿಡಿಯುವ ಊರು ನಮ್ಮದು, ಪ್ಲೇಟನ್ನು ಬಿಡುತ್ತದಾ? ಸುತ್ತ ಪ್ಯಾರಾಫಿಲ್ಮ್ ಎಂಬ ಮೇಣದಂಥ ಹಾಳೆ ಸುತ್ತಿ, ಪ್ರತಿ ಸಲ ಒಂದು ಖಾಲಿ ಪ್ಲೇಟನ್ನೂ ಪಕ್ಕದಲ್ಲಿ ಇಟ್ಟೆ.

ಶೇಂದಿಯ ವಿಷಯ ಬಂದದ್ದು ಮನೆಯಲ್ಲಿ. ಪಕ್ಕದ ಮನೆಯ ಬಾಯಮ್ಮ ಹಬ್ಬಕ್ಕೆ ಸನ್ನ ಎಂಬ ಇಡ್ಲಿಯಂಥ ತಿಂಡಿ ಮಾಡಲು ಹಿಟ್ಟಿಗೆ ಶೇಂದಿ ಹಾಕುತ್ತಿದ್ದರು. ನನ್ನ ಕೆಲಸ ಎಂತದ್ದು ಅಂತ ಕೇಳಿದ್ದಕ್ಕೆ ಎಲ್ಲ ಹೇಳಿದೆ. ಕೇಳಿಸಿಕೊಂಡು ತುಳುವಿನಲ್ಲೇ ಕೇಳಿದರು: ಹಾಗಾದರೆ ಈ ಶೇಂದಿಯಲ್ಲಿ ಇರುವುದಕ್ಕೂ ಆ ಪಂಪ್ ಉಂಟಾ ಮಗಾ? ಉಂಟು ಅಂತ ಹೇಳಿಬಿಡಬಹುದಿತ್ತು. ಆದರೆ ನಾನು ನೋಡಿರಲಿಲ್ಲ. ಒಂದು ಸ್ಟೆರೈಲ್ ಟ್ಯೂಬಿನಲ್ಲಿ ಸ್ವಲ್ಪ ಶೇಂದಿ ಕೇಳಿ ಪಡೆದೆ.

ಬ್ಯಾಕ್ಟೀರಿಯಾ ಬರದ ಹಾಗೆ ಕ್ಲೋರಾಂಫೆನಿಕಾಲ್ ಸೇರಿಸಿದ ಪ್ಲೇಟಿನಲ್ಲಿ ಗೆರೆ ಎಳೆದ ಹಾಗೆ ಹರಡಿದೆ. ಕೆನೆ ಬಣ್ಣದ ಕಾಲೊನಿಗಳು ಬಂದವು. ಒಂದನ್ನು ಶುದ್ಧ ಮಾಡಿ, ಯಾವ ಯೀಸ್ಟ್ ಅಂತ ತಿಳಿಯಲು ಡಿಎನ್ಎ ಸೀಕ್ವೆನ್ಸಿಂಗ್‌ಗೆ ಕಳಿಸಿದೆ. ಸ್ಯಾಕರೊಮೈಸಿಸ್ ಸೆರೆವಿಸಿಯೆ ಅಂತಲೇ ಬಂತು. ಅದನ್ನು ಉಪವಾಸ ಹಾಕಿ, ಬಣ್ಣ ತುಂಬಿಸಿ, ಗ್ಲೂಕೋಸ್ ಕೊಟ್ಟೆ. ಇಪ್ಪತ್ತು ನಿಮಿಷಕ್ಕೆ ತಿಳಿ ಗುಲಾಬಿ. ಇನ್ನೊಂದು ಟ್ಯೂಬಿಗೆ ಗ್ಲೂಕೋಸ್‌ಗೆ ಮೊದಲು ಎಫ್‌ಕೆ 506 ಹಾಕಿದ್ದೆ. ಅದು ಪಿಡಿಆರ್ 5ಅನ್ನು ತಡೆಯುತ್ತದೆ. ಆ ಟ್ಯೂಬಿನಲ್ಲಿ ಬಣ್ಣ ಬಹುಪಾಲು ಒಳಗೇ ಉಳಿಯಿತು.

ತೆಂಗಿನ ಮರದ ತುದಿಯಿಂದ ಬಂದ ಈ ಯೀಸ್ಟ್ ಫ್ಲುಕೊನಜೋಲ್ ಗುಳಿಗೆ ಎಲ್ಲಿ ಕಂಡಿತ್ತು? ಈ ಪಂಪ್ ನಮ್ಮ ಮದ್ದಿಗೆ ಅಂತ ಹುಟ್ಟಿದ್ದಲ್ಲ. ಒಂದು ಉದಾಹರಣೆ ಸೈಕ್ಲೊಹೆಕ್ಸಿಮೈಡ್. ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದೆ. ಯೀಸ್ಟಿಗೆ ಅದು ವಿಷ. ಪಿಡಿಆರ್ 5 ಅದನ್ನೂ ಹೊರಗೆ ಹಾಕುತ್ತದೆ, ಜೀನ್ ತೆಗೆದರೆ ಯೀಸ್ಟ್ ಅದರ ಸ್ವಲ್ಪಕ್ಕೇ ಸಾಯುತ್ತದೆ. ಮಣ್ಣು, ಮರ, ಹಣ್ಣಿನ ಮೇಲೆ ಬದುಕುವ ಯೀಸ್ಟಿಗೆ ಇಂಥ ನೆರೆಹೊರೆ ಯಾವಾಗಲೂ ಇತ್ತು. ಈ ಪಂಪನ್ನು ಎಷ್ಟು ತಯಾರಿಸಬೇಕು ಅಂತ ಹೇಳುವ ಸ್ವಿಚ್ ಪಿಡಿಆರ್ 1. ಅದರಲ್ಲಿ ಕೆಲವು ಬದಲಾವಣೆ ಆದರೆ ಸ್ವಿಚ್ ಆನ್ ಆಗಿಯೇ ಉಳಿಯುತ್ತದೆ. ಕ್ಯಾಂಡಿಡಾ ಗ್ಲಾಬ್ರಾಟಾದಲ್ಲಿ ಫ್ಲುಕೊನಜೋಲ್‌ಗೆ ಬಗ್ಗದ ತಳಿಗಳು ಹೆಚ್ಚಾಗಿ ಇದೇ ದಾರಿ ಹಿಡಿದಿರುತ್ತವೆ.

ಹಾಗಾದರೆ ಮದ್ದಿನ ಜೊತೆ ಎಫ್‌ಕೆ 506 ಕೊಡಬಹುದಲ್ವಾ ಅಂತ ನನ್ನ ತಂಗಿ ಕೇಳಿದಳು. ಅದರ ಇನ್ನೊಂದು ಹೆಸರು ಟ್ಯಾಕ್ರೊಲಿಮಸ್. ಕಿಡ್ನಿ ಬದಲಾಯಿಸಿದವರಿಗೆ ದೇಹದ ರಕ್ಷಣಾ ಶಕ್ತಿ ತಗ್ಗಿಸಲು ಕೊಡುವ ಮದ್ದು ಅದು. ಸೋಂಕು ಇದ್ದವರಿಗೆ ಪಂಪ್ ನಿಲ್ಲಿಸಲು ಅಂತ ಅದನ್ನು ಕೊಡುವುದು ಹೇಗೆ? ಪಂಪನ್ನು ಮಾತ್ರ ತಡೆದು ಮನುಷ್ಯನಿಗೆ ತೊಂದರೆ ಕೊಡದ ವಸ್ತು ಬೇಕು. ಅದಕ್ಕಾಗಿಯೇ ನನಗೆ ಈ ಕೆಲಸದ ಮೇಲೆ ಇಷ್ಟೊಂದು ಆಸೆ.

ಬಣ್ಣ ಹೊರಗೆ ಬರದಿದ್ದರೆ ಆ ಯೀಸ್ಟ್ ಮದ್ದಿಗೆ ಬಗ್ಗುತ್ತದೆ ಅಂತ ಮಾತ್ರ ಬರೆಯಬೇಡಿ. ಕ್ಯಾಂಡಿಡಾದಲ್ಲಿ ಎಂಡಿಆರ್ 1 ಎಂಬ ಬೇರೆ ಜಾತಿಯ ಪಂಪ್ ಇದೆ. ಅದು ಎಟಿಪಿಯನ್ನು ನೇರವಾಗಿ ಬಳಸುವುದಿಲ್ಲ, ಪೊರೆಯ ಎರಡು ಬದಿಯ ಪ್ರೋಟಾನ್ ವ್ಯತ್ಯಾಸದಿಂದ ಓಡುತ್ತದೆ. ಫ್ಲುಕೊನಜೋಲನ್ನು ತಳ್ಳುತ್ತದೆ, ರೋಡಮಿನ್ 6ಜಿಯನ್ನು ಮುಟ್ಟುವುದಿಲ್ಲ. ಅದಕ್ಕೆ ನೈಲ್ ರೆಡ್ ಎಂಬ ಬೇರೆ ಬಣ್ಣ ಬೇಕು. ಮದ್ದು ಹೋಗಿ ಅಡ್ಡ ನಿಲ್ಲಬೇಕಾದ ಎಂಜೈಮೇ ಬದಲಾಗಿದ್ದರಂತೂ ಮದ್ದು ಒಳಗೆ ಉಳಿದರೂ ಕೆಲಸ ಮಾಡದೆ ಇರಬಹುದು.

ಶೇಂದಿಯ ಟ್ಯೂಬುಗಳ ಫೋಟೊವನ್ನು ಬಾಯಮ್ಮನಿಗೆ ತೋರಿಸಿ, ಉಂಟು ಅಂತ ಹೇಳಿ ಬಂದೆ. ಆ ಯೀಸ್ಟ್ ಈಗ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರ್‌ನಲ್ಲಿದೆ, ಕಿನ್ನಿಗೋಳಿ 1 ಅಂತ ಚೀಟಿ ಅಂಟಿಸಿ. ನೈಲ್ ರೆಡ್ ಬಂದ ಕೂಡಲೇ ಹೊರಗೆ ತೆಗೆಯುತ್ತೇನೆ.