ಬ್ರೇಕ್ ಕೆಲಸದ ನಂತರ ಪೆಡಲ್ ಮೆತ್ತಗಾದರೆ: ಏರ್ ತೆಗೆಯುವ ಮುನ್ನ ಮತ್ತು ತೆಗೆಯುವಾಗ

ಮನೆಯಲ್ಲೇ ಬ್ರೇಕ್ ಪ್ಯಾಡ್ ಬದಲಿಸಿ, ಚಕ್ರ ಕೂರಿಸಿ, ಸೀಟಿನಲ್ಲಿ ಕೂತು ಪೆಡಲ್ ಒತ್ತಿದರೆ ಅದು ಸೀದಾ ಕೆಳಗೆ ಹೋಗುತ್ತದೆ. ಮೊದಲ ಕೆಲವು ಸಲ ಇದು ಸಹಜ. ಹೊಸ ಪ್ಯಾಡ್‌ಗೆ ಜಾಗ ಮಾಡಲು ಪಿಸ್ಟನ್ ಅನ್ನು ಹಿಂದಕ್ಕೆ ತಳ್ಳಿರುತ್ತೀರಿ, ಅದು ಮತ್ತೆ ಮುಂದೆ ಬಂದು ಪ್ಯಾಡ್ ಮುಟ್ಟಬೇಕು. ಅರ್ಧ ದೂರದಷ್ಟೇ, ನಿಧಾನವಾಗಿ ಹತ್ತು ಹದಿನೈದು ಸಲ ಒತ್ತಿ. ಅಷ್ಟಾದರೂ ಗಟ್ಟಿಯಾಗದಿದ್ದರೆ ದೋಷ ಇದೆ ಎಂದೇ ಅರ್ಥ. ಅದನ್ನು ಕಂಡುಹಿಡಿಯುವವರೆಗೆ ಗಾಡಿ ಗೇಟ್ ದಾಟಬಾರದು.

ಇಲ್ಲಿ ಹೇಳುವುದು ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಆಲ್ಟೊ, ವ್ಯಾಗನ್ಆರ್, ಸ್ವಿಫ್ಟ್, ಐ10 ತರಹದ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಪೆಡಲ್ ಮೆತ್ತಗಾಯಿತು ಎಂದ ಕೂಡಲೇ ಹೆಚ್ಚಿನವರು ಬ್ಲೀಡರ್‌ಗೆ (ಲೈನಿನ ಗಾಳಿ ಹೊರಬಿಡುವ ತಿರುಪು) ಸ್ಪ್ಯಾನರ್ ಹಾಕುತ್ತಾರೆ. ಅರ್ಧ ಲೀಟರ್ ಆಯಿಲ್ ಖಾಲಿಯಾದರೂ ಪೆಡಲ್ ಹಾಗೇ ಇರುತ್ತದೆ, ಯಾಕೆಂದರೆ ತೊಂದರೆ ಗಾಳಿಯದ್ದಾಗಿರುವುದಿಲ್ಲ. ಬರೀ ಪ್ಯಾಡ್ ಬದಲಿಸಿದ್ದರೆ, ಹೋಸ್ ಆಗಲಿ ಬ್ಲೀಡರ್ ಆಗಲಿ ಸಡಿಲಿಸದಿದ್ದರೆ, ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿ ಬರಿದಾಗದಿದ್ದರೆ, ಲೈನಿನೊಳಗೆ ಗಾಳಿ ಹೋಗಲು ದಾರಿಯೇ ಇಲ್ಲ. ಆಗ ಹುಡುಕಬೇಕಾದದ್ದು ಜೋಡಣೆಯಲ್ಲಿ.

ಮೊದಲು ಎಂಜಿನ್ ಆಫ್ ಮಾಡಿ, ನಾಲ್ಕೈದು ಸಲ ಒತ್ತಿ ಬೂಸ್ಟರ್‌ನ (ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಭಾಗ) ವ್ಯಾಕ್ಯೂಮ್ ಖಾಲಿ ಮಾಡಿ. ಈಗ ಪೆಡಲ್ ಹೇಗಿದೆ ಎಂದು ಕಾಲಿನಲ್ಲೇ ಗಮನಿಸಿ.

ಒತ್ತಿದಷ್ಟೂ ಸ್ಪಂಜಿನ ಹಾಗೆ ಕುಗ್ಗಿ, ಬಿಟ್ಟಾಗ ಪುಟಿದೇಳುತ್ತಿದ್ದರೆ ಗಾಳಿ ಇದೆ. ಬ್ರೇಕ್ ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲವೆಂದೇ ಹೇಳಬಹುದು, ಗಾಳಿ ಚೆನ್ನಾಗಿ ಕುಗ್ಗುತ್ತದೆ. ಹಾಗಾಗಿ ಒಂದು ಸಣ್ಣ ಗುಳ್ಳೆಯೂ ಕಾಲಿನ ಶಕ್ತಿಯನ್ನು ನುಂಗುತ್ತದೆ.

ಪೆಡಲ್ ತುಂಬಾ ಕೆಳಗೆ ಹೋಗಿ ಅಲ್ಲಿ ಗಟ್ಟಿಯಾಗಿ ನಿಂತರೆ, ತಕ್ಷಣ ಎರಡನೇ ಸಲ ಒತ್ತಿದಾಗ ಮೇಲೇ ನಿಂತರೆ, ಅದು ಗಾಳಿಗಿಂತ ಹೆಚ್ಚಾಗಿ ಹಿಂದಿನ ಡ್ರಮ್‌ನ ಶೂ (ಡ್ರಮ್‌ನ ಒಳಮೈಗೆ ಒತ್ತುವ ಭಾಗ) ಮತ್ತು ಡ್ರಮ್ ನಡುವಿನ ಅಂತರ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಸಮತಟ್ಟಾದ ಜಾಗದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ನಾಲ್ಕೈದು ಕ್ಲಿಕ್ ಎಳೆದು ಪೆಡಲ್ ಒತ್ತಿ. ಪೆಡಲ್ ಈಗ ಎದ್ದು ಕಾಣುವಷ್ಟು ಮೇಲೇ ನಿಂತರೆ ಶೂ ಅಡ್ಜಸ್ಟ್ ಮಾಡಬೇಕು, ಬ್ಲೀಡಿಂಗ್ (ಗಾಳಿ ತೆಗೆಯುವುದು) ಬೇಕಾಗಿಲ್ಲ.

ಗಟ್ಟಿಯಾಗಿ ನಿಂತು, ಒತ್ತಿ ಹಿಡಿದಿದ್ದರೆ ಮೆಲ್ಲಗೆ ಕೆಳಗಿಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಅಥವಾ ಮಾಸ್ಟರ್ ಸಿಲಿಂಡರ್‌ನ (ಪೆಡಲ್ ಒತ್ತಿದಾಗ ಆಯಿಲನ್ನು ಲೈನಿಗೆ ತಳ್ಳುವ ಭಾಗ) ಒಳಗಿನ ರಬ್ಬರ್ ಸೀಲ್ ಹೋಗಿದೆ. ಹೊರಗೆಲ್ಲೂ ಒದ್ದೆ ಇಲ್ಲದೆ, ಡಬ್ಬಿಯ ಮಟ್ಟವೂ ಇಳಿಯದೆ ಹೀಗಾದರೆ ಮಾಸ್ಟರ್ ಸಿಲಿಂಡರೇ. ಎಂಜಿನ್ ಸ್ಟಾರ್ಟ್ ಮಾಡಿದ ಕ್ಷಣ, ಒತ್ತಿ ಹಿಡಿದ ಪೆಡಲ್ ಸ್ವಲ್ಪ ಇಳಿಯುವುದು ಮಾತ್ರ ದೋಷವಲ್ಲ, ಬೂಸ್ಟರ್ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಡ್ರಮ್ ಅಡ್ಜಸ್ಟ್ ಮಾಡುವಾಗ ಮೊದಲು ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಸಡಿಲ ಇರಲಿ. ಕೇಬಲ್ ಬಿಗಿಯಾಗಿದ್ದರೆ ಒಳಗಿನ ಲಿವರ್ ತನ್ನ ಜಾಗಕ್ಕೆ ಮರಳುವುದಿಲ್ಲ, ಸ್ವಯಂ ಅಡ್ಜಸ್ಟರ್ ಕೆಲಸ ಮಾಡುವುದಿಲ್ಲ. ಡ್ರಮ್ ಕೂರಿಸಿ ಕೈಯಲ್ಲಿ ತಿರುಗಿಸಿದರೆ ಶೂ ಸಣ್ಣಗೆ ಉಜ್ಜುವ ಸದ್ದು ಬರಬೇಕು, ಹಿಡಿದುಕೊಳ್ಳಬಾರದು. ಹಲ್ಲುಚಕ್ರದ ಅಡ್ಜಸ್ಟರ್ ಇರುವ ಗಾಡಿಗಳಲ್ಲಿ ಎಡ–ಬಲದವಕ್ಕೆ ಥ್ರೆಡ್ ವಿರುದ್ಧ ದಿಕ್ಕಿನಲ್ಲಿರುತ್ತದೆ. ಅದಲುಬದಲಾದರೆ ಅಂತರ ಕಡಿಮೆಯಾಗುವ ಬದಲು ಹೆಚ್ಚುತ್ತಾ ಹೋಗುತ್ತದೆ. ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದು ಬದಿ ಬಿಚ್ಚಿದರೆ ಈ ಗೊಂದಲವೇ ಇರುವುದಿಲ್ಲ.

ಮುಂದಿನ ಚಕ್ರಗಳಲ್ಲಿ ಪ್ಯಾಡ್‌ನ ಕಿವಿಗಳು ಬ್ರಾಕೆಟ್‌ನ ಕ್ಲಿಪ್‌ನಲ್ಲಿ ಸರಿಯಾಗಿ ಕೂತಿವೆಯೇ, ಹಳೇ ಶಿಮ್ (ಪ್ಯಾಡ್ ಬೆನ್ನಿನ ತೆಳು ತಗಡು) ಪಿಸ್ಟನ್‌ಗೆ ಅಂಟಿಕೊಂಡಿದ್ದು ಹೊಸದೂ ಸೇರಿ ಎರಡಾಗಿದೆಯೇ ನೋಡಿ. ಕ್ಯಾಲಿಪರ್‌ನ (ಪಿಸ್ಟನ್ ಇರುವ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಎರಡು ಸ್ಲೈಡ್ ಪಿನ್ ಕೈಯಲ್ಲೇ ಸಲೀಸಾಗಿ ಸರಿಯಬೇಕು. ಪಿನ್ ಜಾಮ್ ಆದರೆ ಕ್ಯಾಲಿಪರ್ ಬಾಗಿ, ಪ್ಯಾಡ್ ಓರೆಯಾಗಿ ಕಚ್ಚುತ್ತದೆ, ಪೆಡಲ್ ಮೆತ್ತಗೆನಿಸುತ್ತದೆ. ಹೊಸ ಡಿಸ್ಕ್ ಹಾಕಿದ್ದರೆ ಡಿಸ್ಕ್ ಕೂರುವ ಹಬ್‌ನ ತುಕ್ಕನ್ನು ವೈರ್ ಬ್ರಷ್‌ನಿಂದ ತೆಗೆದಿರಬೇಕು. ಇಲ್ಲದಿದ್ದರೆ ಡಿಸ್ಕ್ ವಾಲಿಕೊಂಡು ತಿರುಗುತ್ತಾ ಪ್ರತಿ ಸುತ್ತಿಗೂ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ. ನಿಂತಾಗ ಗಟ್ಟಿ ಇರುವ ಪೆಡಲ್ ಸ್ವಲ್ಪ ದೂರ ಓಡಿದ ಮೇಲೆ ಕೆಳಗೆ ಹೋಗುವುದು ಇದರಿಂದಲೂ ಆಗುತ್ತದೆ.

ಕ್ಯಾಲಿಪರ್‌ಗಳನ್ನೇ ಬಿಚ್ಚಿ ಹಾಕಿದ್ದರೆ ಬ್ಲೀಡರ್ ನಿಪ್ಪಲ್ ಮೇಲ್ತುದಿಯಲ್ಲಿದೆಯೇ ನೋಡಿ. ಎಡದ್ದು ಬಲಕ್ಕೆ ಹೋದರೆ ನಿಪ್ಪಲ್ ಕೆಳಗಾಗುತ್ತದೆ. ಗಾಳಿ ಮೇಲೇ ಉಳಿಯುತ್ತದೆ, ಎಷ್ಟು ಲೀಟರ್ ಹರಿಸಿದರೂ ಹೊರಬರುವುದಿಲ್ಲ.

ಇಷ್ಟೆಲ್ಲ ಸರಿ ಇದ್ದು ಗಾಳಿಯೇ ಎಂದು ಖಚಿತವಾದರೆ ಬ್ಲೀಡಿಂಗ್. ಬೇಕಾದದ್ದು: ಸೀಲ್ ಒಡೆಯದ ಬ್ರೇಕ್ ಆಯಿಲ್ 1 ಲೀಟರ್ (ಯಾವ ದರ್ಜೆಯದ್ದು ಎಂದು ಗಾಡಿಯ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ), ನಿಪ್ಪಲ್‌ಗೆ ಬಿಗಿಯಾಗಿ ಕೂರುವ ಪಾರದರ್ಶಕ ಪೈಪ್ ಸುಮಾರು ಒಂದು ಮೀಟರ್, ಬಾಟಲಿ, ನಿಪ್ಪಲ್ ಅಳತೆಯ ರಿಂಗ್ ಸ್ಪ್ಯಾನರ್, ಜ್ಯಾಕ್ ಸ್ಟ್ಯಾಂಡ್, ಹೇಳಿದ ಮಾತು ಕೇಳುವ ಒಬ್ಬ ಜೊತೆಗಾರ. ಓಪನ್ ಸ್ಪ್ಯಾನರ್ ಬೇಡ, ನಿಪ್ಪಲ್‌ನ ಮೂಲೆ ಸವೆಯುತ್ತದೆ. ಸಿಲಿಕೋನ್‌ನ ಡಾಟ್ 5 ಹಾಕಲೇಬಾರದು. ಎಂಜಿನ್ ಆಯಿಲ್ ತಾಗಿದರೆ ಬ್ರೇಕಿನ ರಬ್ಬರ್ ಊದಿಕೊಂಡು ಪೂರ್ತಿ ವ್ಯವಸ್ಥೆಯೇ ಕೆಡುತ್ತದೆ, ಅದಕ್ಕೆ ಬಳಸಿದ ಲಾಳಿಕೆಯನ್ನೂ ದೂರವಿಡಿ. ಕಳೆದ ವರ್ಷ ತೆರೆದಿಟ್ಟ ಅರ್ಧ ಬಾಟಲಿಯೂ ಬೇಡ. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಮಾನದಂಡದ ಪ್ರಕಾರ ಡಾಟ್ 4ರ ಕನಿಷ್ಠ ಕುದಿಬಿಂದು ಹೊಸದರಲ್ಲಿ 230 ಡಿಗ್ರಿ, ತೇವ ಹೀರಿದ ಮೇಲೆ 155. ಮಳೆಗಾಲದ ಕರಾವಳಿಯಲ್ಲಿ ಓಡಾಡಿ ಚಾರ್ಮಾಡಿಯೋ ಆಗುಂಬೆಯೋ ಇಳಿಯುವ ಗಾಡಿಗೆ ಈ ವ್ಯತ್ಯಾಸ ಪ್ರಾಣದ ಪ್ರಶ್ನೆ: ಕಾದ ಆಯಿಲ್ ಕುದ್ದು ಆವಿಯಾದರೆ ಪೆಡಲ್ ಅಲ್ಲೇ ಕುಸಿಯುತ್ತದೆ.

ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರದಿಂದ ಶುರುಮಾಡುವುದು ರೂಢಿ. ನಮ್ಮ ಬಲಬದಿ ಸ್ಟಿಯರಿಂಗ್ ಗಾಡಿಗಳಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೆಲವು ಕಾರುಗಳಿಗೆ ಕಂಪನಿ ಬೇರೆ ಕ್ರಮ ಹೇಳಿರುತ್ತದೆ, ಸರ್ವಿಸ್ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ.

ಪೈಪಿನ ಒಂದು ತುದಿ ನಿಪ್ಪಲ್‌ಗೆ, ಇನ್ನೊಂದು ತುದಿ ಬಾಟಲಿಯಲ್ಲಿ ಸ್ವಲ್ಪ ಹೊಸ ಆಯಿಲ್‌ನೊಳಗೆ ಮುಳುಗಿರಲಿ. ಜೊತೆಗಾರ ನಿಧಾನವಾಗಿ ಒತ್ತಿ ಹಿಡಿದು “ಹಿಡಿದೆ” ಎನ್ನಬೇಕು. ನೀವು ನಿಪ್ಪಲ್ ಕಾಲು ಸುತ್ತು ತಿರುಗಿಸಿ. ಪೆಡಲ್ ಇಳಿಯುತ್ತದೆ, ಅದು ತಳ ಮುಟ್ಟುವ ಮೊದಲೇ ನಿಪ್ಪಲ್ ಮುಚ್ಚಿ “ಬಿಡು” ಎನ್ನಿ. ಮುಚ್ಚುವ ಮುನ್ನ ಕಾಲು ತೆಗೆದರೆ ಗಾಳಿ ವಾಪಸ್ ಒಳಗೆ. ಹಳೇ ಗಾಡಿಯಲ್ಲಿ ಪೆಡಲ್ ಕೆಳಗೆ ಎರಡು ಇಂಚಿನ ಮರದ ತುಂಡು ಇಡಿ. ಮಾಸ್ಟರ್ ಸಿಲಿಂಡರ್‌ನೊಳಗೆ ಎಂದೂ ಬಳಕೆಯಾಗದ ತಳಭಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಅಲ್ಲಿಯವರೆಗೆ ಸೀಲ್ ಹೋದರೆ ಹರಿದು, ನಿನ್ನೆವರೆಗೆ ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್ ಇವತ್ತು ಕೈಕೊಡುತ್ತದೆ. ಪಟಪಟನೆ ಪಂಪ್ ಮಾಡುವುದೂ ತಪ್ಪು, ದೊಡ್ಡ ಗುಳ್ಳೆ ಒಡೆದು ನೂರು ಸಣ್ಣವಾಗುತ್ತದೆ.

ಪ್ರತಿ ಐದಾರು ಸಲಕ್ಕೊಮ್ಮೆ ಡಬ್ಬಿ ತುಂಬಿಸಿ. ಮಟ್ಟ ಮಿನಿಮಮ್ ಗೆರೆಗಿಂತ ಕೆಳಗಿಳಿದು ಗಾಳಿ ಎಳೆದುಕೊಂಡರೆ ಮೊದಲ ಚಕ್ರದಿಂದ ಮತ್ತೆ ಶುರು. ಗುಳ್ಳೆಯಿಲ್ಲದ ಸ್ವಚ್ಛ ಆಯಿಲ್ ಬಂದ ಮೇಲೂ ಮೂರ್ನಾಲ್ಕು ಸಲ ಹರಿಸಿ, ಕ್ಯಾಲಿಪರ್‌ಗೆ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಅಂಟಿಕೊಂಡಿದ್ದ ಗುಳ್ಳೆಗಳು ಆಗ ಹೊರಡುತ್ತವೆ. ನಿಪ್ಪಲ್ ಅತಿಯಾಗಿ ಬಿಗಿಯಬೇಡಿ, ಮುರಿದರೆ ಕ್ಯಾಲಿಪರೇ ಹೋಗುತ್ತದೆ. ಪೇಂಟ್ ಮೇಲೆ ಬಿದ್ದ ಆಯಿಲ್ ಅನ್ನು ಆ ಕ್ಷಣವೇ ನೀರು ಸುರಿದು ತೊಳೆಯಿರಿ.

ಇನ್ನೂ ಮೆತ್ತಗಿದ್ದರೆ ಹೋಸ್ ಕ್ಲ್ಯಾಂಪ್‌ನಿಂದ ರಬ್ಬರ್ ಹೋಸ್‌ಗಳನ್ನೆಲ್ಲ ಹಿಡಿದು ಪೆಡಲ್ ಒತ್ತಿ. ನುಣುಪು ಬಾಯಿಯ ಕ್ಲ್ಯಾಂಪೇ ಆಗಬೇಕು, ಹಲ್ಲಿನ ಪ್ಲೈಯರ್ ಬೇಡ. ಬಿರುಕು ಬಿಟ್ಟ ಹೋಸ್ ಇದ್ದರೆ ಈ ಪರೀಕ್ಷೆಯೇ ಬೇಡ, ಮೊದಲು ಹೋಸ್ ಬದಲಿಸಿ. ಪೆಡಲ್ ಕಲ್ಲಿನಷ್ಟು ಗಟ್ಟಿಯಾದರೆ ಮಾಸ್ಟರ್ ಸಿಲಿಂಡರ್ ಸರಿ ಇದೆ. ಈಗ ಒಂದೊಂದೇ ಕ್ಲ್ಯಾಂಪ್ ಬಿಡುತ್ತಾ ಬನ್ನಿ. ಯಾವುದನ್ನು ಬಿಟ್ಟಾಗ ಕುಸಿಯುತ್ತದೋ ದೋಷ ಆ ಚಕ್ರದಲ್ಲಿದೆ. ಎಲ್ಲ ಹಿಡಿದರೂ ಮೆತ್ತಗಿದ್ದರೆ ಗಾಳಿ ಮಾಸ್ಟರ್ ಸಿಲಿಂಡರ್‌ನಲ್ಲೋ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಘಟಕದಲ್ಲೋ ಇದೆ. ಎಬಿಎಸ್ ಒಳಗೆ ಸಿಕ್ಕಿದ ಗಾಳಿಗೆ ಅನೇಕ ಗಾಡಿಗಳಲ್ಲಿ ಸ್ಕ್ಯಾನರ್‌ನಿಂದ ಅದರ ಪಂಪ್ ಓಡಿಸಿಯೇ ಬ್ಲೀಡ್ ಮಾಡಬೇಕು, ಅದು ವರ್ಕ್‌ಶಾಪಿನ ಕೆಲಸ. ಅಲ್ಲಿಗೆ ಗಾಡಿ ಟೋ ಆಗಿಯೇ ಹೋಗಲಿ.

ಗಟ್ಟಿಯಾಯಿತೇ? ಎಂಜಿನ್ ಆನ್ ಇಟ್ಟು ಅರ್ಧ ನಿಮಿಷ ಜೋರಾಗಿ ಒತ್ತಿ ಹಿಡಿಯಿರಿ. ಜೊತೆಗಾರ ನಾಲ್ಕೂ ನಿಪ್ಪಲ್, ಹೋಸನ್ನು ಕ್ಯಾಲಿಪರ್‌ಗೆ ಜೋಡಿಸುವ ಬ್ಯಾಂಜೋ ಬೋಲ್ಟ್‌ಗಳನ್ನು ಟಾರ್ಚ್ ಹಾಕಿ ನೋಡಲಿ. ಬ್ಯಾಂಜೋ ಬೋಲ್ಟ್ ಬಿಚ್ಚಿದ್ದರೆ ಎರಡೂ ತಾಮ್ರದ ವಾಷರ್ ಹೊಸದೇ ಆಗಿರಬೇಕು. ಆಮೇಲೆ ಜನರಿಲ್ಲದ ಸಮತಟ್ಟು ಜಾಗದಲ್ಲಿ ಹತ್ತು ಕಿಲೋಮೀಟರ್ ವೇಗದಲ್ಲಿ ನಿಲ್ಲಿಸಿ ನೋಡಿ, ನಂತರ ಇಪ್ಪತ್ತು. ಆ ರಾತ್ರಿ ಡಬ್ಬಿಯ ಮಟ್ಟಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ ಮಟ್ಟವನ್ನೂ ಚಕ್ರಗಳ ಕೆಳಗಿನ ನೆಲವನ್ನೂ ನೋಡಿಕೊಳ್ಳಿ.