ಹೆಗಲು ನೋವು, ಶುಗರ್ ಮತ್ತು ನಾನು

ಹದಿನೇಳು ವರ್ಷದಿಂದ ಬೇರೆಯವರ ಹೆಗಲು ನೋಡುತ್ತ ಬಂದ ಫಿಸಿಯೋಥೆರಪಿಸ್ಟ್ ನಾನು. ನನ್ನದೇ ಬಲ ಹೆಗಲು ಕೈಕೊಟ್ಟಾಗ ನೋವಿಗಿಂತ ನಾಚಿಕೆಯೇ ಜಾಸ್ತಿ ಆಯಿತು.

ಶರ್ಟಿನ ತೋಳಿಗೆ ಕೈ ತೂರಿಸುವಾಗ ಚಳಕ್ ಎನ್ನುತ್ತಿತ್ತು. ಕೈಯನ್ನು ಪಕ್ಕದಿಂದ ಮೇಲೆತ್ತಿದರೆ ಅರ್ಧ ದಾರಿಯಲ್ಲಿ ಹಿಡಿಯುತ್ತಿತ್ತು, ಅಲ್ಲಿಂದ ದಾಟಿಸಿಬಿಟ್ಟರೆ ಸಲೀಸು. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರ. ಸಹೋದ್ಯೋಗಿ ಕೈ ಹಿಡಿದು ಎತ್ತಿದಾಗ ಪೂರ್ತಿ ಹೋಗುತ್ತಿದ್ದುದರಿಂದ ಕೀಲೇ ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಅಲ್ಲ ಎಂದುಕೊಂಡೆವು. ಹೆಗಲ ಕೀಲನ್ನು ಸುತ್ತುವರಿದ ಸ್ನಾಯುಗಳ ಗುಂಪಾದ ರೊಟೇಟರ್ ಕಫ್‌ನ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು), ಅದರಲ್ಲೂ ಕೈಯನ್ನು ಪಕ್ಕದಿಂದ ಎತ್ತಲು ನೆರವಾಗುವ ಸುಪ್ರಾಸ್ಪೈನೇಟಸ್ ಮೇಲೆ ನಮ್ಮ ಅನುಮಾನ.

ಬೇರೆಯವರಿಗೆ ಹೇಳುವುದನ್ನೇ ನಾನೂ ಮಾಡಿದೆ. ಮೊದಲು ಗೋಡೆಗೆ ಕೈ ಒತ್ತಿ ಹಿಡಿಯುವುದು, ಆಮೇಲೆ ರಬ್ಬರ್ ಬ್ಯಾಂಡ್, ಆಮೇಲೆ ತೂಕ. 12 ವಾರ ಕಳೆಯುವಷ್ಟರಲ್ಲಿ ಹೆಚ್ಚಿನವರು ಒಂದು ಹದಕ್ಕೆ ಬಂದಿರುತ್ತಾರೆ. ನನ್ನದು ಮಾತ್ರ ತೂಕ ಒಂದು ಕೆಜಿ ಏರಿಸಿದರೆ ಎರಡು ದಿನ ಮುನಿಸಿಕೊಳ್ಳುತ್ತಿತ್ತು.

ನಮ್ಮ ಫಾರಂನಲ್ಲಿ 'ಸಕ್ಕರೆ ಕಾಯಿಲೆ ಇದೆಯೇ' ಎಂಬ ಸಾಲಿದೆ. 'ಇಲ್ಲ' ಎಂದು ಬರೆಯುವವರಲ್ಲಿ ಎಷ್ಟೋ ಜನ ಪರೀಕ್ಷೆಯನ್ನೇ ಮಾಡಿಸಿರುವುದಿಲ್ಲ. ನಾನೂ ಆ ಗುಂಪಿನವನೇ. ಒಂದು ಬೆಳಿಗ್ಗೆ ಬೆಲ್ಟಿನ ಕೊನೆಯ ತೂತಿಗೆ ಬಂದು ನಿಂತಿದ್ದೇನೆ ಎಂಬುದು ಗಮನಕ್ಕೆ ಬಂದು ರಕ್ತ ಕೊಟ್ಟೆ. ರಕ್ತದ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.2. ಅಂದರೆ ಮಧುಮೇಹದ ಹೊಸ್ತಿಲು, 5.7ರಿಂದ 6.4ರವರೆಗೂ ಅದೇ ಲೆಕ್ಕ. ರಕ್ತದಲ್ಲಿನ ಕೊಬ್ಬು, ಟ್ರೈಗ್ಲಿಸರೈಡ್ ಕೂಡ ಮಿತಿ ಮೀರಿತ್ತು.

ಕಾಲೇಜಿನಲ್ಲಿ ಓದಿ ಮರೆತದ್ದು ಆಗ ನೆನಪಾಯಿತು. ಟೆಂಡನ್ ಬಹುಪಾಲು ಕೊಲಾಜನ್ ಎಂಬ ಪ್ರೋಟೀನಿನ ನಾರು, ಅದು ಹೊಸದಾಗುವುದು ಬಹಳ ನಿಧಾನ. ರಕ್ತದಲ್ಲಿ ಗ್ಲೂಕೋಸ್ ಹೆಚ್ಚಿದ್ದರೆ ಅದು ಈ ನಾರುಗಳಿಗೆ ಮೆತ್ತಿಕೊಂಡು ಒಂದಕ್ಕೊಂದನ್ನು ಬೆಸೆಯುತ್ತದೆ. ಸರಾಗವಾಗಿ ಜಾರಬೇಕಾದ ಎಳೆಗಳು ಬಿರುಸಾಗುತ್ತವೆ. ಹೊಟ್ಟೆಯ ಬೊಜ್ಜು ಉರಿಯೂತ ಕೆರಳಿಸುವ ರಾಸಾಯನಿಕಗಳನ್ನು ಸುರಿಸುತ್ತಿರುತ್ತದೆ, ಅದು ಬೇರೆ. ಮಂಡಿ ನೋವಾದರೆ ಮೈಭಾರವನ್ನು ದೂರಬಹುದು. ಹೆಗಲ ಮೇಲೆ ಯಾರೂ ನಡೆಯುವುದಿಲ್ಲವಲ್ಲ! ಬೊಜ್ಜಿದ್ದವರಲ್ಲಿ ಹೆಗಲ ಟೆಂಡನ್ ತೊಂದರೆ ಹೆಚ್ಚು ಏಕೆ ಎಂಬುದು ನನಗೆ ಹೊಳೆದದ್ದು ಆ ದಿನ.

ವೈದ್ಯರು ಸದ್ಯಕ್ಕೆ ಮಾತ್ರೆ ಬೇಡ, ಮೂರು ತಿಂಗಳು ಬಿಟ್ಟು ನೋಡೋಣ ಎಂದರು. ಎಚ್‌ಬಿಎ1ಸಿ ಹೇಳುವುದು ಹೆಚ್ಚುಕಡಿಮೆ ಅಷ್ಟು ಅವಧಿಯ ಲೆಕ್ಕ, ಅವಸರಪಟ್ಟು ಪ್ರಯೋಜನವಿಲ್ಲ. ಪ್ರತಿ ಊಟದ ನಂತರ ಹದಿನೈದು ನಿಮಿಷ ನಡೆದೆ. ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಹೆಗಲು ನೋಯುತ್ತಿದ್ದರೂ ಕಾಲಿಗೆ ರಜೆ ಕೊಡಬೇಕಿಲ್ಲ ಎಂದು ಸ್ಕ್ವಾಟ್ ಶುರುಮಾಡಿದೆ. ರಾತ್ರಿಯೂಟ ಬೇಗ ಮಾಡತೊಡಗಿದೆ. ನಿಜಕ್ಕೂ ಕಷ್ಟವಾದದ್ದು ಅದೊಂದೇ.

ಹೆಗಲಿನ ವ್ಯಾಯಾಮ ಬಿಡಲಿಲ್ಲ. ಮೂರು ಎಣಿಸುತ್ತ ಎತ್ತುವುದು, ಮೂರು ಎಣಿಸುತ್ತ ಇಳಿಸುವುದು. ನೋವು ಹತ್ತಕ್ಕೆ ಮೂರರಷ್ಟಾದರೆ ಚಿಂತೆಯಿಲ್ಲ, ಮರುದಿನ ಬೆಳಿಗ್ಗೆಗೆ ತಣ್ಣಗಾಗಬೇಕು, ಅಷ್ಟೆ. ಐದನೇ ತಿಂಗಳಿಗೆ ಬಲಮಗ್ಗುಲಾಗಿ ಮಲಗಿದೆ. ಆರು ತಿಂಗಳಿಗೆ ಎಚ್‌ಬಿಎ1ಸಿ 5.8. ನಡಿಗೆಯ ಪಾಲೆಷ್ಟು, ಡಂಬೆಲ್ಲಿನ ಪಾಲೆಷ್ಟು, ಬರೀ ಕಾಲ ಕಳೆದದ್ದರ ಪಾಲೆಷ್ಟು ಎಂದು ಒಂದೇ ಹೆಗಲಿಟ್ಟುಕೊಂಡು ಭಾಗ ಮಾಡಲಾಗದು.

ಈಗ ನನ್ನ ಟೇಬಲ್ಲಿನ ಮೇಲೆ ಕೀಲಿನ ಚಲನೆ ಅಳೆಯುವ ಗೋನಿಯೋಮೀಟರ್ ಪಕ್ಕ ಅಳತೆ ಟೇಪು ಇದೆ. "ಹೆಗಲು ನೋವು ಅಂತ ಬಂದ್ರೆ ಹೊಟ್ಟೆ ಅಳೀತೀರಲ್ಲ ಸಾರ್" ಎಂದು ಒಬ್ಬರು ಸಿಡುಕಿದ್ದೂ ಇದೆ. ಶುಗರ್ ಇದ್ದು ಸ್ಟೀರಾಯ್ಡ್ ಇಂಜೆಕ್ಷನ್‌ಗೆ ಹೊರಟವರಿಗೆ ಕೆಲವು ದಿನ ಶುಗರ್ ಏರಬಹುದು, ಡಾಕ್ಟರಿಗೆ ಮೊದಲೇ ತಿಳಿಸಿ ಎನ್ನುತ್ತೇನೆ. ಇನ್ನು ಎರಡೂ ಹೆಗಲು ನೋವೆಂದು ಬಂದವರು, ಶುಗರ್ 'ಇಲ್ಲ' ಎಂದು ಬರೆದಿದ್ದರೆ, ಕೊನೆಯ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಕೇಳಿದ ಮೇಲೆಯೇ ಬ್ಯಾಂಡ್ ಕೈಗೆ ಕೊಡುವುದು.